ಹರಿಣಿಯ ಗಾಡಿಯ ಕೆಂಪು ದೀಪ

ಸಾಂತಾಕ್ರೂಜ್‌ನಲ್ಲಿ ನಮ್ಮ ಹಿಂಬದಿಯ ಚಾಳಿನ ಹರಿಣಿಗೆ ಆದದ್ದು ಇದು. ಹೋದ ವರ್ಷ, ದೀಪಾವಳಿ ಕಳೆದ ಮೇಲೆ. ನಡುವೆ ಮಾತಾಡದೆ ಕೇಳಿ.

ರಾತ್ರಿ ಹನ್ನೊಂದಾಗಿತ್ತು. ಹರಿಣಿ ಪಿಕಪ್ ನಿಲ್ಲಿಸಿ ಮನೆಗೆ ನಡೆದು ಬರುತ್ತಿದ್ದಳು. ಚಾಳಿನಲ್ಲಿ ಜಾಗವಿಲ್ಲ, ಹಳೆಯ ಬಾವಿಯ ಪಕ್ಕದಲ್ಲಿ ನಿಲ್ಲಿಸುತ್ತಾಳೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಒಳಗೆ ಇನ್ನೂ ನೀರಿದೆ. ಟಪ್... ಸ್ವಲ್ಪ ಹೊತ್ತು ಬಿಟ್ಟು, ಟಪ್. ಬಾವಿ ದಾಟಿದ ಮೇಲೆ ಅವಳು ಒಮ್ಮೆ ತಿರುಗಿ ನೋಡುತ್ತಿದ್ದಳು. ಪ್ರತಿ ರಾತ್ರಿ. ಗಾಡಿಯ ಗಾಜಿನ ಒಳಗೆ ಹುಣಸೆ ಬೀಜದಷ್ಟು ಕೆಂಪು ದೀಪ. ಅದು ಉರಿಯುತ್ತಿದ್ದರೆ ಮನೆಗೆ ಹೋಗುತ್ತಿದ್ದಳು. ಅಂದೂ ಉರಿಯುತ್ತಿತ್ತು.

ಅದು ಅವಳ ಗಂಡ ಸುಕೇಶನ ಫೋಟೋದ ಮುಂದಿನ ದೀಪ. ಫೋಟೋದಲ್ಲಿ ಅವನು ಬಾಯಿ ಮುಚ್ಚಿಕೊಂಡು ನಗುತ್ತಾನೆ. ಮುಂದಿನ ಒಂದು ಹಲ್ಲಿರಲಿಲ್ಲ.

ಗಂಡ ಹೆಂಡತಿ ಇಡ್ಲಿ ದೋಸೆಯ ಹಿಟ್ಟು ರುಬ್ಬಿಸಿ, ಅಂಧೇರಿಯವರೆಗಿನ ಆರು ಹೋಟೆಲಿಗೆ ಬೆಳಗಾಗುವ ಮೊದಲು ಮುಟ್ಟಿಸುವವರು. ಹಳೇ ಗಾಡಿಯ ಬ್ಯಾಟರಿ ಆಗಾಗ ಚಾರ್ಜ್ ಇಳಿದು ಕೂರುತ್ತಿತ್ತು. ಆಗ ಹರಿಣಿ ಸ್ಟೇರಿಂಗ್ ಹಿಡಿಯುವುದು, ಸುಕೇಶ ಹಿಂದಿನಿಂದ ತಳ್ಳುವುದು. ಎಂಜಿನ್ ಹತ್ತಿದ ಕೂಡಲೇ ಅವನು ಹಿಂಬದಿಗೆ ಎರಡು ಸಲ ಬಡಿಯುತ್ತಿದ್ದ. ಧಪ್, ಧಪ್. ಎಲ್ಲ ಸರಿ, ನಿಲ್ಲಿಸಬೇಡ, ಹೋಗು ಎಂದರ್ಥ. ಅವಳು ತಿರುಗಿ ನೋಡದೆ ಹೋಗುತ್ತಿದ್ದಳು.

ಅದೇ ವರ್ಷ ಮಾರ್ಚಿನ ಒಂದು ಬೆಳಗಿನ ಜಾವ ಎಂಜಿನ್ ಹತ್ತಿತು. ಧಪ್... ಒಂದೇ ಸಲ. ಅವಳು ನಿಲ್ಲಿಸಲಿಲ್ಲ. ಆರು ಹೋಟೆಲ್ ಮುಗಿಸಿ ಬರುವಾಗ ಬಾವಿಯ ಹತ್ತಿರ ಜನ ಸೇರಿದ್ದರು. ಸುಕೇಶನ ಮೇಲೆ ಯಾರೋ ಬೆಡ್‌ಶೀಟ್ ಹೊದಿಸಿದ್ದರು. ಎದೆಬಡಿತ ನಿಂತುಹೋಗಿತ್ತು.

ಹರಿಣಿಗೆ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಬೊಜ್ಜ, ಅಂದರೆ ಉತ್ತರಕ್ರಿಯೆ ಮುಗಿದ ದಿನ ಮೈದುನ ಹಿತೇಶ್ ಹೇಳಿದ, "ಅತ್ತಿಗೆ, ಹೋಟೆಲು, ಗ್ರೈಂಡರು ಎಲ್ಲ ನಾನು ನೋಡ್ಕೊಳ್ತೇನೆ. ನೀವು ಊರಲ್ಲಿ ಅಮ್ಮನ ಜೊತೆ ಇರಿ."

"ಒಂದು ಬೆಳಗ್ಗೆ ಹಿಟ್ಟು ತಪ್ಪಲಿ. ಅವತ್ತೇ ಗಾಡಿಯ ಕೀ ನಿನ್ನ ಕೈಗೆ ಕೊಡ್ತೇನೆ."

"ಆಮೇಲೆ ಮಾತು ಬದಲಿಸ್ಬಾರ್ದು."

"ನಾನು ಯಾವಾಗ ಬದಲಿಸಿದ್ದು ಮಾರಾಯ?"

ಹಳೇ ಗಾಡಿ ಮಾರಿ ಹೊಸದು ತಂದಳು. ವೈರಿನ ಕೆಲಸದ ಅಮೋಲ್‌ನಿಂದ ಆ ದೀಪ ಹಾಕಿಸಿದಳು.

"ಮಾವಶಿ, ಚಾವಿ ತೆಗೆದಾಗ ದೀಪವೂ ಆರುವ ಹಾಗೆ ಮಾಡ್ತೇನೆ. ಇಲ್ಲಾಂದ್ರೆ ಬ್ಯಾಟರಿ ಬೈಠ್ ಜಾಯೇಗಿ, ಕೂತುಬಿಡ್ತದೆ."

"ಅದು ಆರಬಾರ್ದು. ನೇರ ಬ್ಯಾಟರಿಗೇ ಕೊಡು."

"ಇದು ಹಳೇ ಗಾಡಿ ಅಲ್ಲ. ಒಳಗೆ ಪೂರಾ ಕಂಪ್ಯೂಟರ್. ಬ್ಯಾಟರಿ ಸತ್ರೆ ಎಷ್ಟು ತಳ್ಳಿದ್ರೂ ಹತ್ತಲ್ಲ."

"ತಳ್ಳುವವರು ನನಗೆ ಬೇಡ."

ಬೇಡವೆಂದ ಮೇಲೆ ಬೇಕಾದ ತಯಾರಿ ಮಾಡಿಕೊಂಡಳು. ಸತ್ತ ಬ್ಯಾಟರಿಗೆ ಜೀವ ಕೊಡುವ ಬೂಸ್ಟರ್ ಡಬ್ಬಿ ತಂದಳು. ಪ್ರತಿ ಭಾನುವಾರ ಅದನ್ನು ಚಾರ್ಜಿಗೆ ಇಟ್ಟಳು. ರಿಮೋಟಿನ ಹೊಟ್ಟೆಯೊಳಗೆ ಅಡಗಿರುವ ಲೋಹದ ಕೀ ತೆಗೆಯಲು ಕಲಿತಳು. ಕೆಂಪು ಕ್ಲಿಪ್ಪು ಎಲ್ಲಿಗೆ, ಕಪ್ಪು ಎಲ್ಲಿಗೆ... ಕಣ್ಣು ಮುಚ್ಚಿಕೊಂಡೇ ಹತ್ತು ಸಲ ಹಾಕಿ ನೋಡಿದಳು.

ಆ ರಾತ್ರಿ ಮೂರೂಕಾಲಿಗೆ ಮತ್ತೆ ಬಾವಿಯ ಹತ್ತಿರ ಬಂದಳು. ದೂರದಿಂದಲೇ ನೋಡಿದಳು.

ದೀಪ ಇರಲಿಲ್ಲ.

ರಿಮೋಟ್ ಒತ್ತಿದಳು. ದಿನಾ ಕುಯ್ಕ್ ಎನ್ನುವ ಗಾಡಿ ಸುಮ್ಮನಿತ್ತು. ಲೋಹದ ಕೀ ಹಾಕಿ ತಿರುಗಿಸಿದಳು. ಕಟಕ್. ಬಾಗಿಲು ತೆರೆಯಿತು. ಬಾನೆಟ್ ಎತ್ತಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಡಬ್ಬಿಯ ಕ್ಲಿಪ್ಪು ಹಾಕಿದಳು. ಅಮೋಲ್ ಬಿಗಿದ ದೀಪದ ತೆಳ್ಳನೆ ವೈರು ಬ್ಯಾಟರಿಯ ಮೇಲೇ ಇತ್ತು. ಅದು ಕೈಗೆ ತಾಗಿತು ಕೂಡ. ಇದನ್ನು ನೆನಪಿಟ್ಟುಕೊಳ್ಳಿ.

ಕೀ ತಿರುಗಿಸಿದಳು. ಟಕ್ ಟಕ್ ಟಕ್ ಟಕ್... ಮತ್ತೊಮ್ಮೆ. ಟಕ್... ಮೂರನೇ ಸಲ ಏನೂ ಇಲ್ಲ. ಡಬ್ಬಿಯ ನಾಲ್ಕು ದೀಪವೂ ಆರಿತು.

ಅಮೋಲ್‌ನ ಫೋನ್ ಬಂದ್ ಇತ್ತು. ಬೇರೊಬ್ಬ ಟೆಂಪೋದವನಿಗೆ ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಚಾಳಿನಲ್ಲಿ ಗಂಡಸರಿದ್ದರು. ಎಬ್ಬಿಸಿ ತಳ್ಳಿಸಿದರೂ ಹತ್ತದ ಗಾಡಿ. ಹತ್ತುವಂತಿದ್ದರೂ, ಬಂದು ತಳ್ಳಿ ಎಂದು ಇನ್ನೊಬ್ಬರಿಗೆ ಹೇಳುವ ಬಾಯಿ ಅವಳಿಗಿರಲಿಲ್ಲ. ಹಿಂದೆ, ರಾತ್ರಿಯೇ ಏರಿಸಿಟ್ಟ ಡ್ರಮ್ಮಿನಲ್ಲಿ ಹಿಟ್ಟು ಉಬ್ಬುತ್ತಿತ್ತು. ಫುಸ್... ಫುಸ್... ಮುಚ್ಚಳದ ಸಂದಿಯಿಂದ ಗಾಳಿ ಬಿಡುವ ಸದ್ದು.

ಬಾನೆಟ್ ಮುಚ್ಚಿದಳು. ಸೀಟಿನಲ್ಲಿ ಕೂತಳು. ಇನ್ನು ಹಿತೇಶ್ ಬರುತ್ತಾನೆ, ಕೈ ಚಾಚುತ್ತಾನೆ, ಕೀ ಕೊಡಬೇಕು. ಹಾಗೆ ಅಂದುಕೊಂಡಳು. ದುಃಖವೂ ಆಗಲಿಲ್ಲ, ಭಯವೂ ಆಗಲಿಲ್ಲ. ಕೈಕಾಲು ಹಳೇ ರೂಢಿಯಲ್ಲಿ ತಮ್ಮಷ್ಟಕ್ಕೇ ಕೆಲಸ ಮಾಡಿದವು. ಕೀ ತಿರುಗಿಸಿದಳು, ಕ್ಲಚ್ ಒತ್ತಿದಳು, ಸೆಕೆಂಡ್ ಗೇರ್ ಹಾಕಿದಳು, ಹ್ಯಾಂಡ್‌ಬ್ರೇಕ್ ಇಳಿಸಿದಳು.

ಅಲ್ಲಿ ನೆಲ ಸಮತಟ್ಟು. ಬೇಕಾದರೆ ನೀರು ಚೆಲ್ಲಿ ನೋಡಿ.

ಗಾಡಿ ಅಲುಗಿತು.

ಟಯರಿನ ಕೆಳಗೆ ಜಲ್ಲಿ... ಕರ್... ಕರ್... ಹಿಂದೆ ರಬ್ಬರ್ ಚಪ್ಪಲಿಯ ಸದ್ದು. ಚಟ್... ಚಟ್... ಆಮೇಲೆ ಹಲ್ಲಿನ ಸಂದಿಯಿಂದ ಹೊರಬರುವ ಉಸಿರು. ಸುಯ್...

"ಸೆಕೆಂಡಿಗೆ ಹಾಕಿದ್ದೀಯಾ?" ಪಿಸುಮಾತು. ಕಿವಿಯ ಹತ್ತಿರವೇ.

"ಹಾಕಿದ್ದೇನೆ."

"ಹೇಳುವವರೆಗೆ ಕ್ಲಚ್ ಬಿಡ್ಬೇಡ."

"ಹ್ಞೂಂ."

"...ಈಗ."

ಬಿಟ್ಟಳು. ಗಾಡಿ ಒಮ್ಮೆ ಮುಗ್ಗರಿಸಿತು. ಎಂಜಿನ್ ಹತ್ತಿತು.

ಧಪ್.

ಒಂದೇ ಸಲ.

ಈ ಸಲ ಅವಳು ಹೋಗಲಿಲ್ಲ. ಒಂದು ಕಾಲಲ್ಲಿ ಕ್ಲಚ್, ಒಂದು ಕಾಲಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿದಳು. ಎಂಜಿನ್ ಗುರ್ ಎನ್ನುತ್ತಲೇ ಇತ್ತು. ಕನ್ನಡಿಯಲ್ಲಿ ನೋಡಿದಳು. ಬಾವಿ, ಗೋಡೆ, ಬೀದಿದೀಪ. ಬೇರೆ ಏನಿಲ್ಲ. "ಏನ್ರೀ..." ಎಂದಳು. ನೋಡುತ್ತಲೇ ಇದ್ದಳು. ಯಾರೂ ಇಲ್ಲದ ಆ ಜಾಗದಿಂದ...

ಧಪ್.

ಹರಿಣಿ ಹೊರಟಳು.

ಆರು ಹೋಟೆಲಿಗೂ ಹಿಟ್ಟು ಮುಟ್ಟಿತು. ಎಲ್ಲೂ ಎಂಜಿನ್ ಆರಿಸಲಿಲ್ಲ. ಅಂಧೇರಿಯ ಹೋಟೆಲಿನ ಮೋನಪ್ಪಣ್ಣ ಗಡಿಯಾರ ನೋಡಿ, "ಇವತ್ತು ಹತ್ತು ನಿಮಿಷ ಲೇಟಾಯ್ತಲ್ಲ ಹರಿಣಿ" ಎಂದರು. ಅಷ್ಟೇ. ಹಿತೇಶನಿಗೆ ಕೀ ಕೊಡುವ ಪ್ರಮೇಯ ಅಂದೂ ಬರಲಿಲ್ಲ, ಇಂದಿಗೂ ಬಂದಿಲ್ಲ.

ಹತ್ತು ಗಂಟೆಗೆ ಅಮೋಲ್ ಬಂದ. ಬಾನೆಟ್ ಎತ್ತಿ ಬಗ್ಗಿ ನೋಡಿದ.

"ದೀಪದ ವೈರು ಯಾವಾಗ ಬಿಚ್ಚಿದ್ರಿ ಮಾವಶಿ?"

"ನಾನು ಬಿಚ್ಚಿಲ್ಲ."

"ಮತ್ತೆ ಇದು?"

ವೈರನ್ನು ಬ್ಯಾಟರಿಯಿಂದ ಬಿಚ್ಚಿ, ತುದಿ ಮಡಚಿ, ಯಾರೋ ಕಪ್ಪು ಟೇಪು ಸುತ್ತಿದ್ದರು. ಬಾನೆಟ್ ಬಿಡಿಸುವ ಹಿಡಿ ಇರುವುದು ಗಾಡಿಯ ಒಳಗೆ, ಸ್ಟೇರಿಂಗಿನ ಕೆಳಗೆ. ಬಾನೆಟ್ ಮುಚ್ಚಿ ಕೂತ ಮೇಲೆ ಅಮೋಲ್ ಬರುವವರೆಗೆ ಆ ಸೀಟು ಬಿಟ್ಟು ಹರಿಣಿ ಇಳಿದಿರಲಿಲ್ಲ. ಡ್ರಮ್ ಇಳಿಸಿಕೊಂಡದ್ದು ಹೋಟೆಲಿನವರೇ.

"ಮತ್ತೆ ಕನೆಕ್ಷನ್ ಕೊಡಲಾ?" ಎಂದ ಅಮೋಲ್.

ಹರಿಣಿ ಫೋಟೋ ನೋಡಿದಳು. "ಬೇಡ. ಇರ್ಲಿ ಬಿಡು."

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದಂತೂ ನಡೆದದ್ದೇ. ವೈರು ಈಗಲೂ ಹಾಗೇ ಇದೆ, ನಾಳೆ ಹಗಲು ಹೋಗಿ ನೋಡಿ ಬನ್ನಿ. ಟೇಪನ್ನು ಕತ್ತರಿಯಲ್ಲಿ ಕತ್ತರಿಸಿಲ್ಲ, ಹಲ್ಲಿನಲ್ಲಿ ಕಚ್ಚಿ ಹರಿದದ್ದು. ಹಲ್ಲಿನ ಗುರುತು ಸಾಲಾಗಿ ಮೂಡಿದೆ. ನಡುವೆ ಒಂದು ಇಲ್ಲ.