ಬೆನ್ನು ತೋರಿಸಿ ಕಲಿಸಿದ ಪಾಠ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಚಾರ್ಯರೇ, ಆಡಳಿತ ಮಂಡಳಿಯ ಹಿರಿಯರೇ, ಇಂದು ಸೇವೆಯಿಂದ ನಿವೃತ್ತರಾಗುತ್ತಿರುವ ಪ್ರೊಫೆಸರ್ ಮೈಲಾರಪ್ಪ ಮುಗದ ಅವರೇ, ಅವರ ಪಕ್ಕದಲ್ಲಿ ಮೂರು ಶಾಲುಗಳ ಭಾರಕ್ಕೆ ಬೆವರುತ್ತಿರುವ ಶ್ರೀಮತಿ ದ್ರಾಕ್ಷಾಯಿಣಿಯವರೇ, ಮತ್ತು ಊಟದ ಪರಿಮಳ ಒಳಗೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮೆಕ್ಯಾನಿಕಲ್ ವಿಭಾಗದ ಮಾಜಿ ಮುಖ್ಯಸ್ಥ ಗಂಗಪ್ಪ ಹೆಬಸೂರ ಮೈಕ್ ಹಿಡಿದರೆ ಬಿಡುವವನಲ್ಲ ಎಂದು ಗೊತ್ತಿದ್ದೂ ಕೊಟ್ಟಿದ್ದಾರೆ. ಅನುಭವಿಸಿರಿ.

ನನ್ನ ಹಿಂದೆ ಒಂದು ಬ್ಯಾನರ್ ಕಟ್ಟಿದ್ದೀರಿ. ‘ತರಗತಿ ತಂತ್ರಜ್ಞಾನದ ಹರಿಕಾರ.’ ಬಹಳ ಛಲೋ. ಯಾರು ಬರೆದದ್ದು? ನನಗಿಂತ ಮೊದಲು ಮಾತನಾಡಿದ ನಾಲ್ಕೂ ಮಂದಿ ಇದೇ ಪದ ಬಳಸಿದರು. ನಾಲ್ವರಲ್ಲಿ ಮೂವರು ಆಗಲೂ ನಮ್ಮ ವಿಭಾಗದಲ್ಲಿಯೇ ಇದ್ದರು. ೧೯೯೩ರಲ್ಲಿ ಮೈಲಾರಪ್ಪನವರನ್ನು ಹರಿಕಾರ ಅಂದಿದ್ದರೇ? ಇಲ್ಲ. ‘ಟೂರಿಂಗ್ ಟಾಕೀಸ್’ ಅಂದಿದ್ದರು. ಆ ಹೆಸರು ಇಟ್ಟವನು ನಾನು. ನಕ್ಕವರು ಆ ಮೂವರು. ಇಂದು ಆ ನಗೆಯ ಮೇಲೆಯೇ ಶಾಲು ಹೊದಿಸಿದ್ದಾರೆ.

ಯಾಕೆ ಆ ಹೆಸರು ಅಂತೀರಾ? ಮುಗದದಿಂದ ಬೆಳಗಿನ ರೈಲು ಹತ್ತಿ ಬರುತ್ತಿದ್ದ ಈ ಮನುಷ್ಯ, ವಿದ್ಯಾನಗರದ ನಮ್ಮ ಕಾಲೇಜಿಗೆ ಬಂದವರೇ ಸ್ಟೋರಿನಿಂದ ಒಂದು ಪೆಟ್ಟಿಗೆ ಹೊತ್ತು ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದರು. ಓವರ್‌ಹೆಡ್ ಪ್ರೊಜೆಕ್ಟರ್. ಈಗಿನ ಹುಡುಗರು ಅದನ್ನು ನೋಡಿಲ್ಲ. ಒಳಗೆ ಒಂದು ಬಲ್ಬು, ಮೇಲೆ ಒಂದು ಕನ್ನಡಿ. ತೆಳುವಾದ ಪಾರದರ್ಶಕ ಹಾಳೆಯ ಮೇಲೆ ಬರೆದದ್ದು ಗೋಡೆಯ ಮೇಲೆ ದೊಡ್ಡದಾಗಿ ಮೂಡುತ್ತಿತ್ತು. ಕಿಟಕಿಗೆ ಮನೆಯಿಂದ ತಂದ ಹಳೆಯ ಕೌದಿ ಕಟ್ಟಿ ಕತ್ತಲೆ ಮಾಡುತ್ತಿದ್ದರು. ಕರೆಂಟು ಹೋದರೆ ಹುಡುಗರು ಸಿಳ್ಳೆ ಹೊಡೆಯುತ್ತಿದ್ದರು. ಟಾಕೀಸು ಅಲ್ಲದೆ ಮತ್ತೇನು ಅನ್ನಬೇಕಿತ್ತು?

ನಾನು? ನಾನು ಬೋರ್ಡಿನ ಮನುಷ್ಯ. ನಮ್ಮಪ್ಪ ಕುಂದಗೋಳದಲ್ಲಿ ಡ್ರಾಯಿಂಗ್ ಮಾಸ್ತರ. ಕೈವಾರವಿಲ್ಲದೆ ಒಂದೇ ಬೀಸಿಗೆ ವೃತ್ತ ತೆಗೆಯುವುದನ್ನು ನನಗೆ ಎಂಟನೇ ವಯಸ್ಸಿಗೆ ಕಲಿಸಿದ್ದರು. ಸರಿಯಾಗದಿದ್ದರೆ ಡಸ್ಟರಿನಿಂದ ಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದರು. ಮುಂದೆ ನಾನು ಗೇರ್ ಚಕ್ರ ಬಿಡಿಸಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಲವತ್ತು ನಿಮಿಷ ಬೋರ್ಡಿನ ಮುಂದೆ ನಿಂತು, ಬರೆಯುತ್ತಾ, ಬರೆಯುತ್ತಾ, ಬೋರ್ಡಿಗೇ ಹೇಳುತ್ತಾ ಹೋಗುತ್ತಿದ್ದೆ. ಹಿಂದೆ ಅರವತ್ತು ಜನ ಕುಳಿತಿದ್ದಾರೆ ಎಂಬುದು ಚಪ್ಪಾಳೆಯಾದಾಗ ಮಾತ್ರ ನೆನಪಾಗುತ್ತಿತ್ತು. ಇದನ್ನು ಹೇಳಬೇಕು ಅಂತಿರಲಿಲ್ಲ. ಬಾಯಿಗೆ ಬಂತು.

ಮೈಲಾರಪ್ಪನವರ ಕೈಬರಹವನ್ನು ನೀವು ನೋಡಿಲ್ಲ. ಅವರು ತೆಗೆದ ವೃತ್ತ ಲಟ್ಟಿಸಲು ಬಾರದವರು ಮಾಡಿದ ಚಪಾತಿಯ ಹಾಗಿರುತ್ತಿತ್ತು. ಬೋರ್ಡಿನಲ್ಲಿ ಬರೆಯಲು ಬಾರದ್ದಕ್ಕೆ ಪೆಟ್ಟಿಗೆ ಹೊತ್ತಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದವನೂ ನಾನೇ.

ಈಗ ವಿಷಯಕ್ಕೆ ಬರುತ್ತೇನೆ.

೧೯೯೪ರಲ್ಲಿ ಯಾಸ್ಮಿನ ಎಂಬ ಹುಡುಗಿ ನಮ್ಮ ವಿಭಾಗಕ್ಕೆ ಸೇರಿದಳು. ತಾರಿಹಾಳದಲ್ಲಿ ಲೇತ್ ಮಷಿನಿನ ಅಂಗಡಿ ಇಟ್ಟಿದ್ದ ಅಬ್ದುಲಗನಿಯವರ ಮಗಳು. ಆ ವರ್ಷದ ಅರವತ್ತು ಜನರಲ್ಲಿ ಒಬ್ಬಳೇ ಹುಡುಗಿ. ಮುಂದಿನ ಬೆಂಚಿನಲ್ಲಿ ಒಬ್ಬಳೇ ಕುಳಿತುಕೊಳ್ಳುತ್ತಿದ್ದಳು. ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಹಾಜರಿ ಕೂಗಿದರೆ ಒಮ್ಮೊಮ್ಮೆ ಉತ್ತರವೇ ಇಲ್ಲ. ಭಾರೀ ಸೊಕ್ಕಿನ ಹುಡುಗಿ ಎಂದು ನಾನು ತೀರ್ಮಾನಿಸಿದೆ. ಒಂದು ದಿನ ತರಗತಿಯ ನಡುವೆ, “ಏನವಾ, ಕಿವುಡಿ ಅದಿ ಏನು?” ಎಂದು ಕೇಳಿದೆ. ಐವತ್ತೊಂಬತ್ತು ಹುಡುಗರು ನಕ್ಕರು. ಅವಳೂ ನಕ್ಕಳು. ಎಲ್ಲರೂ ನಗುವಾಗ ನಗಬೇಕು ಎಂದು ಅವಳು ಕಲಿತಿದ್ದಳು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ನನ್ನ ವಿಷಯದಲ್ಲಿ ಅವಳು ಫೇಲಾದಳು. ಮತ್ತೊಮ್ಮೆ ಕಟ್ಟಿ, ಮತ್ತೊಮ್ಮೆ ಫೇಲಾದಳು. ಮೈಲಾರಪ್ಪನವರ ವಿಷಯದಲ್ಲಿ ತರಗತಿಗೇ ಎರಡನೆಯವಳು! ಪೆಟ್ಟಿಗೆ ತೋರಿಸಿ ಸುಲಭದ ಪ್ರಶ್ನೆ ಕೊಡುತ್ತಾರೆ ಅಂದುಕೊಂಡೆ. ನಿಮಗೂ ಹಾಗೆಯೇ ಅನ್ನಿಸುತ್ತಿತ್ತು, ನಿಮ್ಮನ್ನು ನಾನು ಬಲ್ಲೆ.

೧೯೯೭ರಲ್ಲಿ ಒಂದು ಮಧ್ಯಾಹ್ನ ಇವರು ಸ್ಟಾಫ್ ರೂಮಿಗೆ ಬಂದು ನನ್ನ ಎದುರು ನಿಂತರು. “ಗಂಗಪ್ಪನವರ, ಆ ಯಾಸ್ಮಿನಗ ಕಿವಿ ಕೇಳಂಗಿಲ್ಲರಿ,” ಅಂದರು. “ಸಣ್ಣಾಕಿ ಇದ್ದಾಗ ಜ್ವರ ಬಂದು ಹೋಗ್ಯಾವಂತ. ತುಟಿ ನೋಡಿ ತಿಳಕೋತಾಳ. ಹೇಳಿದ್ರ ಸೀಟು ಕೊಡಂಗಿಲ್ಲ ಅಂತ ಅಂಜಿ ಮುಚ್ಚಿಟ್ಟಾರ.”

“ನಿಮಗ ಹೆಂಗ ಗೊತ್ತಾತು?” ಅಂದೆ.

“ನನಗ ನೆಗಡಿ ಬಂದಿತ್ತರಿ. ಬಾಯಿಗೆ ಕರವಸ್ತ್ರ ಹಿಡದು ಪಾಠಾ ಮಾಡಾಕತ್ತಿದ್ದೆ. ಆಕಿ ಬರಿಯೂದು ನಿಂತು ಹೋತು. ಕರವಸ್ತ್ರ ತಗದೆ, ಮತ್ತ ಬರದಳು. ಆ ಮಷೀನಿನ್ಯಾಗ ಬರಕೋತ ಹುಡುಗರ ಕಡೆ ಮಾರಿ ಮಾಡಿ ನಿಂದ್ರಬಹುದು ನೋಡ್ರಿ, ಅದಕ್ಕ ಆಕಿಗೆ ನನ್ನ ಪಾಠ ತಿಳಿತೈತಿ. ನೀವು ಬೋರ್ಡಿನ ಕಡೆ ತಿರುಗಿದ್ರ ಆಕಿಗೆ ನಿಮ್ಮ ಬೆನ್ನಷ್ಟ ಕಾಣತೈತಿ. ಬರದ ಮ್ಯಾಲೆ ಒಂದೀಟು ಈ ಕಡೆ ತಿರುಗಿ ಹೇಳ್ರಿ ಸಾಕು.”

ಸಭಿಕರೇ, ಕೇಳಿದ್ದು ಎಷ್ಟು? ಒಂದೀಟು ತಿರುಗುವುದು. ಕಾಸಿಲ್ಲ, ಕಷ್ಟವಿಲ್ಲ. ನಾನೇನು ಹೇಳಿದೆ? ಯಾರಿಗೂ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದೆ, “ಹಂಗಿದ್ರ ಕಿವುಡರ ಸಾಲಿಗೆ ಕಳಸ್ರಿ. ಇದು ಇಂಜಿನಿಯರಿಂಗ್ ಕಾಲೇಜು.”

ಮೈಲಾರಪ್ಪನವರು ಹೊರಗೆ ಹೋದರು. ಬಾಗಿಲಿನಾಚೆ ಯಾರೋ ನಿಂತಿದ್ದರು, ಅವರೂ ಹೋದರು. ನಾನು ಚಹಾ ಕುಡಿದೆ.

ಅದೇ ವರ್ಷ ನಾನು ವಿಭಾಗದ ಮುಖ್ಯಸ್ಥನಾದೆ. ಅದೇ ವರ್ಷ ಅವರ ಪೆಟ್ಟಿಗೆಯ ಬಲ್ಬು ಸುಟ್ಟುಹೋಯಿತು. ಅದು ಹುಬ್ಬಳ್ಳಿಯಲ್ಲಿ ಸಿಗುತ್ತಿರಲಿಲ್ಲ, ಪುಣೆಯಿಂದ ತರಿಸಬೇಕು, ತರಿಸಲು ಮುಖ್ಯಸ್ಥನ ಸಹಿ ಬೇಕು. ಅರ್ಜಿ ನನ್ನ ಮೇಜಿನ ಗಾಜಿನ ಕೆಳಗೆ ಹನ್ನೊಂದು ತಿಂಗಳು ಇತ್ತು. ಮರೆತಿದ್ದೆ ಎಂದು ಎಲ್ಲರಿಗೂ ಹೇಳಿದೆ. ದಿನಾ ಅದರ ಮೇಲೆಯೇ ಚಹಾದ ಕಪ್ಪು ಇಡುತ್ತಿದ್ದವನು ಮರೆಯುವುದು ಹೇಗೆ?

ಇನ್ನು ಟಾಕೀಸು ಬಂದ್ ಆಯಿತು ಅಂದುಕೊಂಡೆ. ಎಂಟು ದಿನಕ್ಕೆ ಮೈಲಾರಪ್ಪನವರು ಹೆಗಲ ಮೇಲೆ ಒಂದು ಸುರುಳಿ ಇಟ್ಟುಕೊಂಡು ಬಂದರು. ಹಳೆಯ ಕ್ಯಾಲೆಂಡರಿನ ಹಾಳೆಗಳು. ಅವುಗಳ ಬೆನ್ನಿನ ಮೇಲೆ ದೊಡ್ಡ ದೊಡ್ಡ ಚಿತ್ರಗಳು. ಮುಗದದ ಮನೆಯಲ್ಲಿ, ಪಡಸಾಲೆಯ ನೆಲದ ಮೇಲೆ ಹಾಸಿ, ಇವರು ಅಳತೆ ಹೇಳುತ್ತಿದ್ದರಂತೆ, ದ್ರಾಕ್ಷಾಯಿಣಿಯವರು ತಾಟು, ಬಟ್ಟಲು, ಡಬ್ಬಿಯ ಮುಚ್ಚಳ ಬೋರಲು ಹಾಕಿ ವೃತ್ತ ತೆಗೆಯುತ್ತಿದ್ದರಂತೆ. ತಾಯಿ, ನಿಮಗೆ ಹೊದಿಸಿದ ಶಾಲು ಯಾತಕ್ಕೆ ಎಂದು ಇಲ್ಲಿ ಯಾರೂ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ಆ ಹಾಳೆಗಳನ್ನು ಹಗ್ಗಕ್ಕೆ ಬಟ್ಟೆಯ ಕ್ಲಿಪ್ಪಿನಿಂದ ಸಿಕ್ಕಿಸಿ, ಪಕ್ಕದಲ್ಲಿ ನಿಂತು, ಮಕ್ಕಳ ಕಡೆ ಮುಖ ಮಾಡಿ ಇವರು ಪಾಠ ಮಾಡಿದರು. ತಮ್ಮ ವಿಷಯ ಮಾತ್ರವಲ್ಲ, ಸಂಜೆ ರೈಲು ತಪ್ಪಿಸಿಕೊಂಡು ನನ್ನ ವಿಷಯವನ್ನೂ ಹೇಳಿಕೊಟ್ಟರು. ಮೂರನೇ ಸಲ ಅವಳು ಪಾಸಾದಳು.

೧೯೯೮ರಲ್ಲಿ ಕೊನೆಯ ಮೌಖಿಕ ಪರೀಕ್ಷೆ. ನಾನು ರಜಿಸ್ಟರಿನೊಳಗೆ ತಲೆ ಹಾಕಿ ಪ್ರಶ್ನೆ ಕೇಳಿದೆ. ಅವಳು ಸುಮ್ಮನೆ ನಿಂತಳು. ಇನ್ನೊಮ್ಮೆ ಕೇಳಿದೆ. ಆಗ ಅವಳು ಅಂದಳು, “ಸರ್, ಮಾರಿ ಎತ್ತಿ ಕೇಳ್ರಿ. ಉತ್ತರ ಗೊತ್ತೈತಿ, ಪ್ರಶ್ನೆ ಕಾಣವಲ್ದು.”

ತಲೆ ಎತ್ತಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿ ಪ್ರಶ್ನೆ ಕೇಳಿದೆ. ಒಂದರ ಹಿಂದೆ ಒಂದು ಏಳು ಪ್ರಶ್ನೆ. ಏಳಕ್ಕೂ ಉತ್ತರ ಬಂತು. ಹೊರಡುವಾಗ ಬಾಗಿಲ ಬಳಿ ನಿಂತಳು. “ಸರ್, ಅವತ್ತು ಸ್ಟಾಫ್ ರೂಮಿನ್ಯಾಗ ಕಿವುಡರ ಸಾಲಿಗೆ ಕಳಸ್ರಿ ಅಂದಿದ್ರಿ. ಸಣ್ಣ ದನೀಲೆ ಅಂದಿರ್ಬೇಕು, ಯಾರಿಗೂ ಕೇಳಿಸಿದಂಗಿರಲಿಲ್ಲ. ನನಗ ಸ್ವಚ್ಛ ಕಂಡತ್ರಿ.”

ಸಿಟ್ಟಿನಿಂದ ಹೇಳಲಿಲ್ಲ. ವರದಿ ಒಪ್ಪಿಸಿದ ಹಾಗೆ ಹೇಳಿದಳು. ನಾನು “ನೆಕ್ಸ್ಟ್” ಅಂದೆ. ಅಷ್ಟೇ ಅಂದೆ.

ಮರುದಿನ ಬಲ್ಬಿನ ಅರ್ಜಿಗೆ ಸಹಿ ಹಾಕಿದೆ. ಯಾರಿಗೆ ಬೇಕಾಗಿತ್ತು ಆ ಸಹಿ?

ಆಮೇಲೆ ಕಂಪ್ಯೂಟರ್ ಬಂತು, ಎಲ್‌ಸಿಡಿ ಬಂತು. ಮೈಲಾರಪ್ಪನವರು ಎಲ್ಲವನ್ನೂ ಕಲಿತರು, ನಮಗೆಲ್ಲ ಕಲಿಸಿದರು, ಕಮಿಟಿಗಳ ಮುಂದೆ ಬೇಡಿ ಬೇಡಿ ಕೋಣೆಗೊಂದು ತರಿಸಿದರು. ಈಗ ೨೦೦೮. ಹದಿನೆಂಟು ಕೋಣೆಗಳಲ್ಲೂ ಪ್ರೊಜೆಕ್ಟರ್ ಇದೆ ಎಂದು ಪ್ರಾಚಾರ್ಯರು ಈಗಷ್ಟೇ ಎದೆಯುಬ್ಬಿಸಿ ಹೇಳಿದರು. ಹೋದ ವಾರ ನಾನು ಆಮಂತ್ರಣ ಪತ್ರಿಕೆ ಒಯ್ಯಲು ಬಂದಾಗ ಕಾರಿಡಾರಿನಲ್ಲಿ ನಡೆದು ನೋಡಿದೆ, ಸಾಹೇಬರೇ. ಆರು ಕೋಣೆಗಳಲ್ಲಿ ಪಾಠ ನಡೆದಿತ್ತು. ಆರರಲ್ಲೂ ಉಪನ್ಯಾಸಕರು ಪರದೆಯ ಕಡೆ ತಿರುಗಿ, ಅಲ್ಲಿ ಇದ್ದದ್ದನ್ನೇ ಓದುತ್ತಿದ್ದರು. ಆರು ಬೆನ್ನು ನೋಡಿದೆ! ನಾನಾದರೂ ವೃತ್ತ ತೆಗೆಯುತ್ತಿದ್ದೆ, ನೀವು ಅದನ್ನೂ ಮಾಡುವುದಿಲ್ಲ. ಅವರ ಮಷೀನು ತಗೊಂಡಿರಿ, ಅವರು ಅದನ್ನು ಯಾಕೆ ಹೊತ್ತರು ಎಂದು ಒಬ್ಬರೂ ಕೇಳಲಿಲ್ಲ. ಹರಿಕಾರ ಅಂತೆ!

ಯಾಸ್ಮಿನ ಈಗ ತಾರಿಹಾಳದ ಒಂದು ಪಂಪು ಕಾರ್ಖಾನೆಯಲ್ಲಿ ವಿನ್ಯಾಸ ವಿಭಾಗ ನೋಡಿಕೊಳ್ಳುತ್ತಾರೆ. ಎರಡನೇ ಸಾಲಿನಲ್ಲಿ, ತಂದೆ ಅಬ್ದುಲಗನಿಯವರ ಪಕ್ಕ ಕುಳಿತಿದ್ದಾರೆ. ಹೌದು, ಅವರೇ. ಎಲ್ಲರೂ ಒಮ್ಮೆಲೇ ತಿರುಗಿ ನೋಡಬೇಡಿ. ‘ನಂದು ತಪ್ಪಾತು’ ಎಂಬ ಮಾತನ್ನು ನಾನು ಹತ್ತು ವರ್ಷ ಆಡಲಿಲ್ಲ. ಇದಕ್ಕೆ ಮೈಕು ಬೇಡ. ಒಂದು ನಿಮಿಷ, ಸರಿಸುತ್ತೇನೆ.

...

ಹೇಳಿದೆ. ನಿಮಗೆ ಕೇಳಿಸಲಿಲ್ಲ. ನಿಮಗಾಗಿ ಹೇಳಿದ್ದಲ್ಲ ಬಿಡಿ. ಅವರಿಗೆ ಕಂಡಿತು. ತಲೆ ಆಡಿಸಿ, ತುಟಿಯಲ್ಲೇ ಏನೋ ಅಂದರು. ಕ್ಷಮಿಸಿದೆ ಎಂದರೋ, ಸಾಕು ಕೂಡ್ರಿ ಎಂದರೋ, ಅದು ನನಗೆ ತಿಳಿಯಲಿಲ್ಲ. ತುಟಿ ಓದಲು ನಾನು ಕಲಿತಿಲ್ಲ.

ಮೈಲಾರಪ್ಪನವರೇ, ನನ್ನನ್ನೇ ಮಾತನಾಡಲು ಕರೆಯಿರಿ ಎಂದು ನೀವು ಹಟ ಹಿಡಿದಿರಂತೆ. ಯಾಕೆಂದು ಈಗ ಗೊತ್ತಾಯಿತು. ಕರೆದದ್ದಕ್ಕೆ ನಿಮಗೂ, ಇಷ್ಟು ಹೊತ್ತು ಬೈಸಿಕೊಂಡ ಈ ಸಭೆಗೂ ನನ್ನ ಕೃತಜ್ಞತೆಗಳು. ಊಟಕ್ಕೆ ಏಳಿರಿ. ನಮಸ್ಕಾರ.