ಕರಿ ಬೆಕ್ಕಿನ ಬಿಳಿ ಗೆರೆ

ಎಲ್ಲರೂ ಟೈಲರ್ ಅಕ್ಕ ಎಂದೇ ಕರೆಯುವ ನಾನು, ವಯಸ್ಸು ಐವತ್ತೆರಡು, ಕಸುಬು ಹೊಲಿಗೆ, ವಾಸ ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆ, ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ಬರೆಸುವುದೇನೆಂದರೆ:

ನಮ್ಮ ಮನೆಯಲ್ಲಿ ನಾನು, ನನ್ನ ಗಂಡ ಮತ್ತು ಗುಂಡ ಎಂಬ ಕರಿ ಬೆಕ್ಕು ಇರುತ್ತೇವೆ. ಗುಂಡನಿಗೆ ಹೋದ ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಊಟ ಹಾಕಿ ಇನ್ಸುಲಿನ್ ಚುಚ್ಚಬೇಕು. ಒಂದೇ ಹೊತ್ತಿಗೆ ಎರಡು ಸಲ ಚುಚ್ಚಿದರೆ ಪ್ರಾಣಕ್ಕೇ ಕುತ್ತು ಎಂದು ಪ್ರಾಣಿ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಗುಂಡನೋ, ಈಗಷ್ಟೇ ತಿಂದಿದ್ದರೂ ಮೂರು ದಿನ ಉಪವಾಸ ಇದ್ದವನ ಮುಖ ಮಾಡಿಕೊಂಡು ಬರುವ ಆಸಾಮಿ. ಅದಕ್ಕೇ, ಸೂಜಿ ಚುಚ್ಚಿದವರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅವನ ಕುತ್ತಿಗೆಯ ಮೇಲೆ ಬಿಳಿ ಗೆರೆ ಎಳೆಯುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಗೆರೆ ಇದ್ದರೆ ಆ ಹೊತ್ತಿನ ಸೂಜಿ ಆಗಿದೆ ಎಂದು ಲೆಕ್ಕ; ಹಳೆಯ ಗೆರೆಯನ್ನು ಆರಕ್ಕೇ ಒರೆಸಿಬಿಡುತ್ತೇವೆ.

ಈ ದಿನ ಬೆಳಿಗ್ಗೆ ಏಳಕ್ಕೆ ನಾನು ಸೂಜಿ ಚುಚ್ಚಿ, ಗೆರೆ ಎಳೆದು, ಅಳತೆ ತೆಗೆಯಲು ಗಿರಾಕಿಯೊಬ್ಬರ ಮನೆಗೆ ಹೋದೆನು. ಗಂಡ ಸ್ನಾನದಲ್ಲಿದ್ದರು. ಒಂಬತ್ತಕ್ಕೆ ವಾಪಸು ಬಂದಾಗ ಗುಂಡ ಕುಡಿದವನಂತೆ ತೂರಾಡುತ್ತಿದ್ದನು. ಗೆರೆ ಇರಲಿಲ್ಲವೆಂದು ಏಳೂವರೆಗೆ ತಾವೇ ಊಟ ಹಾಕಿ, ಸೂಜಿ ಚುಚ್ಚಿ, ಗೆರೆ ಎಳೆದಿದ್ದಾಗಿ ಗಂಡ ತಿಳಿಸಿದರು. ಗುಂಡನ ವಸಡಿಗೆ ಸಕ್ಕರೆ ನೀರು ಸವರಿ, ಹೊಲಿಯಲು ಬಂದಿದ್ದ ಯಾರದೋ ಪರದೆ ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ಡಾಕ್ಟರ ಬಳಿಗೆ ಓಡಿದೆವು.

ಅಲ್ಲಿ ಗುಂಡನಿಗೆ ಗ್ಲೂಕೋಸ್ ಏರಿಸುತ್ತಿರುವಾಗ ನಾನು ಗಂಡನಿಗೆ ಎಲ್ಲರೆದುರು, "ಕಣ್ಣು ಏನು ಗೂಟಕ್ಕೆ ನೇತು ಹಾಕಿದ್ರಾ? ಅವನೇನಾದ್ರೂ ಹೋದ್ರೆ ನಿಮ್ಮ ಕೈಯಲ್ಲೇ ಹೋದ ಹಾಗೆ," ಎಂದೆನು. ಗೆರೆ ಇರಲೇ ಇಲ್ಲ ಎಂದಷ್ಟೇ ಹೇಳಿ ಅವರು ಎದ್ದುಹೋದರು. ಮಧ್ಯಾಹ್ನದ ಹೊತ್ತಿಗೆ ಗುಂಡ ಎದ್ದು ಕೂತು, ಡಾಕ್ಟರ ಬುತ್ತಿಗೇ ಬಾಯಿ ಹಾಕಲು ಹೋದನು. ಇಂದು ಸಂಜೆ ಸೂಜಿ ಬೇಡ, ನಾಳೆ ಕರೆತನ್ನಿ ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಯಲ್ಲಿ ಗಂಡ ಊಟ ಮುಟ್ಟದೆ, ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರು. ಅವರು ಸುಳ್ಳು ಹೇಳುವವರಲ್ಲ, ನನ್ನ ಗೆರೆಯನ್ನು ಯಾರೋ ಒರೆಸಿರಬೇಕು ಎನಿಸಿ, ಆ ಒರೆಸಿದವರನ್ನು ಹಿಡಿಯಲೇಬೇಕೆಂದು ಗುಂಡನನ್ನು ಎತ್ತಿಕೊಂಡು ನೇರ ಇಲ್ಲಿಗೆ ಬಂದೆನು.

ಯಾರ ಮೇಲೆ ಅನುಮಾನ ಎಂದು ತಾವು ಕೇಳುತ್ತಿರುವಾಗಲೇ ನಮ್ಮ ಪಕ್ಕದ ಕ್ಷೌರದಂಗಡಿಯವನು, ನನ್ನ ಗಂಡನಿಂದ ವಿಷಯ ತಿಳಿದು, ಹೆಗಲ ಮೇಲಿನ ಟವೆಲ್ಲೂ ತೆಗೆಯದೆ ಓಡಿಬಂದನು. ಗುಂಡ ದಿನಾ ಬೆಳಿಗ್ಗೆ ತನ್ನ ಖಾಲಿ ಕುರ್ಚಿಯಲ್ಲಿ ಬಂದು ಕೂರುವನೆಂದೂ, ಇಂದು ಏಳೂಕಾಲಿಗೆ ಗಿರಾಕಿಗೆ ಜಾಗ ಮಾಡಲು ಅವನನ್ನು ಇಳಿಸುವಾಗ ಕೂದಲು ಝಾಡಿಸುವ ಬ್ರಷ್ಷು ಕೈಯಲ್ಲೇ ಇತ್ತೆಂದೂ ಹೇಳಿದನು. "ಕುತ್ತಿಗೆ ಮೇಲೆ ಏನಾದ್ರೂ ಕಂಡ್ರೆ ನನ್ ಕೈ ಸುಮ್ನಿರಲ್ಲ ಅಕ್ಕಾ. ಝಾಡಿಸಿಬಿಟ್ಟೆ," ಎಂದನು. ಇದನ್ನು ಬರೆದುಕೊಳ್ಳುತ್ತಿದ್ದ ಪೇದೆಯವರು ನಕ್ಕು, ತಮ್ಮ ಕುತ್ತಿಗೆಯನ್ನೊಮ್ಮೆ ಸವರಿಕೊಂಡರು.

ಅವನ ಮೇಲೆ ಯಾವ ಕ್ರಮವೂ ಬೇಡ. ಇನ್ನು ಮುಂದೆ ಗೆರೆಯನ್ನು ಗೋಡೆಯ ಮೇಲೆ ಎಳೆಯುತ್ತೇವೆ. ಆದರೆ ನನ್ನ ಗಂಡನದು ಎಳ್ಳಷ್ಟೂ ತಪ್ಪಿಲ್ಲ, ಗೆರೆ ನಿಜಕ್ಕೂ ಇರಲಿಲ್ಲ ಎಂಬುದನ್ನು ಇದರಲ್ಲಿ ದಪ್ಪಕ್ಷರದಲ್ಲಿ ಬರೆದು, ಠಾಣೆಯ ಮೊಹರು ಒತ್ತಿ, ಒಂದು ಪ್ರತಿ ನನಗೆ ಕೊಡಬೇಕು. ತಪ್ಪಾಯ್ತು ಎನ್ನುವ ಮಾತು ನನ್ನ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ. ಮನೆಗೆ ಹೋಗಿ ಅವರಿಗೆ ಇದನ್ನೇ ಓದಿ ಹೇಳಿ, ಊಟಕ್ಕೆ ಎಬ್ಬಿಸಬೇಕಾಗಿದೆ.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ. ಎಲ್ಲವೂ ನಡೆದದ್ದು ನಡೆದಂತೆಯೇ ಇದೆ.

ಸ್ಥಳ: ಪೊಲೀಸ್ ಠಾಣೆ
ದಿನ: ಬುಧವಾರ, ಸಂಜೆ ಐದು ಗಂಟೆ
ಸಹಿ: ಟೈಲರ್ ಅಕ್ಕ