ಬಾಜೂ ದುಕಾನ

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ನಡೆದ ಮರುವರ್ಷ. ಬೀದರಿನಲ್ಲಿ ಮನ್ಮಥಪ್ಪನವರ ಬಟ್ಟೆ ಅಂಗಡಿ ಆಗಷ್ಟೇ ಬಾಗಿಲು ತೆರೆದಿತ್ತು. ನನ್ನ ಮುಂದಿದ್ದ ಹೈಸ್ಕೂಲ್ ಹುಡುಗಿ ಎಸ್ತರ ರಿಬ್ಬನ್ ಕೊಂಡವಳು, ಹೋಗದೆ ನಿಂತಳು.

“ಕಾಕಾ, ದುಕಾನ ಬೆಳೀಬೇಕಂದ್ರ ಏನ್ ಬೇಕ್ರಿ? ಸಾಲ್ಯಾಗ ಕೇಳಿ ಬರಕೊಂಡು ಬಾ ಅಂದಾರ.”

“ನನಗೇನ್ ಗೊತ್ತವ್ವ! ಬಾಜೂ ದುಕಾನದ ಗಫೂರಸಾಬಗ ಕೇಳಬೇಕಿತ್ತು.”

“ಅವರೂ ಬಟ್ಟಿನೇ ಮಾರ್ತಿದ್ರಲ್ರಿ? ನಿಮ್ಮ ಗಿರಾಕಿ ಕಸಗೊಂತಿರಲಿಲ್ಲೇನ್ರಿ?”

“ಎಲ್ಲಿದವ್ವ! ಮುಂಜಾನಿ ಅವಂದು ಬೋಣಿ ಆತಂದ್ರ, ಎರಡನೇ ಗಿರಾಕಿಗಿ ನನ್ನ ಕಡಿ ಕಳಸ್ತಿದ್ದ. ನಂದು ಮೊದಲ ಆದ್ರ ನಾ ಅವನ ಕಡಿ ಕಳಸ್ತಿದ್ದೆ. ಹಂಗೇ ಇಬ್ಬರೂ ಬೆಳದೆವು.”

“ಈಗ ಅವರು ಎಲ್ಲಿದ್ದಾರ್ರಿ?”

“ಹೈದರಾಬಾದಿಗಿ ಹೋದ ಅಂತಾರ. ಹೋಗ್ತೇನಿ ಅಂತ ನನಗೂ ಹೇಳಲಿಲ್ಲ.”

“ಹಂಗಾರ ನಾ ಏನ್ ಬರೀಲ್ರಿ?”

“ಬಾಜೂಕ ಒಬ್ಬ ಇರಬೇಕು ಅಂತ ಬರಿಯವ್ವ.”

ಹುಡುಗಿ ಹೋದಳು. ನಾನು ಒಂದು ಧೋತರ ಕೇಳಿದೆ.

“ನಂದು ಬೋಣಿ ಆಗ್ಯಾದ್ರಿ,” ಎನ್ನುತ್ತ ಮನ್ಮಥಪ್ಪ ಪಕ್ಕದ ಅಂಗಡಿಯತ್ತ ಕೈ ತೋರಿಸಿದರು. ಅಲ್ಲಿ ಬೀಗವಿತ್ತು. ಆ ಕೈ ಕೆಳಗಿಳಿಯಲು ತುಸು ಹೊತ್ತೇ ಹಿಡಿಯಿತು.